ಕೆಂಪು ದೀಪಕ್ಕೆ ಕರಿ ಟೇಪು

ಕುತ್ತಿಗೆ ಮೇಲೆ ಕಂಬನ ಕೈ!

ನನ್ನ ಮೂತಿ ರ‍್ಯಾಕಿನ ಜಾಲರಿಗೆ ಅಪ್ಪಚ್ಚಿ ಆಗಿತ್ತು. ಒಳಗಿಂದ ಸರ್ವರ್‌ಗಳ ಬಿಸಿಗಾಳಿ ಮುಖಕ್ಕೇ ಹೊಡೀತಿದೆ. ಉಸಿರು ಬರ್ತಿಲ್ಲ...

"ಲ್ಯಾಪ್‌ಟಾಪ್ ಎಲ್ಲೋ?"

"ನಿನ್ನ ಬೂಟಿನ ಕೆಳಗೇ ಇದೆಯಲ್ಲಪ್ಪಾ..."

ಬಗ್ಗಿ ನೋಡಿದ. ಕಾಲೆತ್ತಿ ಇನ್ನೊಂದು ಸಲ ತುಳಿದ.

ಕಟಕ್! ಸ್ಕ್ರೀನ್ ಪುಡಿಪುಡಿ.

ಕಂಬ ಅಂದ್ರೆ ಈ ಡೇಟಾ ಸೆಂಟರಿನ ಸೆಕ್ಯುರಿಟಿ ಹೆಡ್. ಎತ್ತರ ನೋಡಿ ಇಟ್ಟ ಹೆಸರು. ಬುದ್ಧಿ ನೋಡಿದ್ರೂ ಅದೇ ಇಡಬಹುದಿತ್ತು.

ನಾನ್ಯಾರು ಅಂತೀರಾ? ಕೆಟ್ಟ ನೆಟ್‌ವರ್ಕ್ ರಿಪೇರಿ ಮಾಡೋನು. ದೊಡ್ಡದೊಡ್ಡ ಇಂಜಿನಿಯರ್‌ಗಳು ಕೈಚೆಲ್ಲಿ ಕೂತಾಗ ನನಗೆ ಫೋನ್ ಬರುತ್ತೆ. ಆದ್ರೆ ಇವತ್ತು ಫೋನ್ ಮಾಡಿದ್ದು ನಮ್ಮಕ್ಕ. ಆಂಬುಲೆನ್ಸ್ ಕಂಟ್ರೋಲ್ ರೂಮಲ್ಲಿ ಜನರ ಕರೆ ತಗೊಂಡು ಗಾಡಿ ಕಳಿಸೋ ಕೆಲಸ ಅವಳದು.

"ಬೆಳಿಗ್ಗೆಯಿಂದ ಹೀಗೇ ಕಣೋ. ಗಾಡಿಗೆ ಒಂದು ಆರ್ಡರ್ ಹೋಗುತ್ತೆ, ಇನ್ನೊಂದು ಹೋಗಲ್ಲ. ಡೇಟಾ ಸೆಂಟರಿನವರನ್ನ ಕೇಳಿದ್ರೆ ಎಲ್ಲಾ ಗ್ರೀನ್ ಇದೆ ಮೇಡಂ ಅಂತಾರೆ!"

ಬಂದೆ. ಮ್ಯಾನೇಜರ್ ಗೇಟಲ್ಲೇ ತಡೆದ. "ಸೆಂಟರ್ ಕೊಳ್ಳೋಕೆ ಪಾರ್ಟಿ ಬಂದಿದೆ. ನೋಡ್ಕೊಂಡು ಹೋಗ್ಲಿ, ಆಮೇಲೆ ಬಾ."

ಆಮೇಲೆ? ಎದೆನೋವು ಆಮೇಲೆ ಬರುತ್ತಾ?

ಏಸಿ ರಿಪೇರಿಯವರ ಬೆನ್ನಿಗಂಟಿಕೊಂಡು ಒಳಗೆ ನುಗ್ಗಿದೆ. ಲ್ಯಾಪ್‌ಟಾಪ್ ಸರ್ವರ್ ಪೇರಿಸಿಟ್ಟ ರ‍್ಯಾಕಿಗೆ ಸಿಕ್ಕಿಸಿದೆ. ನೋಡ್ತೀನಿ... ರೋಗ ಸಿಕ್ತು!

ಕೇಳಿ. ಆಂಬುಲೆನ್ಸ್ ಸರ್ವರ್‌ಗಳು ಇರೋದು ಈ ಸೆಂಟರಲ್ಲೇ, ಅವಕ್ಕೆ ಎರಡು ನೆಟ್‌ವರ್ಕ್ ಸ್ವಿಚ್. ಎರಡು ಬಾಗಿಲು ಇದ್ದ ಹಾಗೆ. ಪ್ರತಿ ಸ್ವಿಚ್ಚಿಂದ ಹೊರಗಡೆಗೆ ಒಂದು ಮೇನ್ ಲೈನ್, ಅದೇ ಅಪ್‌ಲಿಂಕ್. ಅಪ್‌ಲಿಂಕ್ ಸತ್ತರೆ ಸ್ವಿಚ್ ಸರ್ವರ್ ವೈರು ಸಿಕ್ಕಿಸಿರೋ ತನ್ನ ಪೋರ್ಟುಗಳನ್ನೆಲ್ಲ ತಾನೇ ಮುಚ್ಚಿಕೊಳ್ಳಬೇಕು. ಆಗ ಸರ್ವರ್‌ಗೆ ಗೊತ್ತಾಗುತ್ತೆ... ಓ, ಈ ಬಾಗಿಲು ಹೋಯ್ತು, ಆ ಕಡೆಯಿಂದ ಹೋಗೋಣ ಅಂತ.

ಆ ಏರ್ಪಾಡನ್ನ ಯಾರೋ ಆಫ್ ಮಾಡಿದ್ರು!

ಒಂದು ಅಪ್‌ಲಿಂಕ್ ಸತ್ತು ಹೆಣ. ಸ್ವಿಚ್ ಮಾತ್ರ ಬಾಗಿಲು ತೆಗೆದು ನಗ್ತಾ ಕೂತಿದೆ. ಸರ್ವರ್ ಪಾಪ, ಕಳಿಸ್ತಾನೇ ಇದೆ. ಅರ್ಧ ಆರ್ಡರ್ ನೇರ ಬಾವಿಗೆ!

ಎರಡರಲ್ಲಿ ಯಾವುದು ಅಂತ ನೋಡೋಷ್ಟರಲ್ಲಿ ಕಂಬ ಬಂದ.

ಕಿವಿಯಲ್ಲಿ ಅಕ್ಕ ಇದ್ದಳು. ಇಯರ್‌ಫೋನ್ ಬಿದ್ದಿರಲಿಲ್ಲ, ಪುಣ್ಯ.

"ಇನ್ನೂ ಆಗಿಲ್ವೇನೋ! ಲೈನಲ್ಲಿ ಒಬ್ಬರು ಹೆಂಗಸು ಇದಾರೆ. ಗಂಡ ಎದೆ ಹಿಡ್ಕೊಂಡು ಬಿದ್ದುಬಿಟ್ಟಿದಾರಂತೆ. ಆರ್ಡರ್ ಒತ್ತುತ್ತಾನೇ ಇದೀನಿ, ಹೋಗ್ತಿಲ್ಲ!"

"ಡ್ರೈವರ್‌ಗೆ... ನೇರ ಫೋನ್..."

"ಯಾವ ಗಾಡಿ ಎಲ್ಲಿದೆ ಅಂತ ಹೇಳೋದೂ ಆ ದರಿದ್ರ ಕಂಪ್ಯೂಟರೇ ಕಣೋ!"

ಹಿಮ್ಮಡಿ ಎತ್ತಿ ಕಂಬನ ಮೊಣಕಾಲಿಗೆ ಬಿಟ್ಟೆ.

"ಅಯ್ಯಮ್ಮಾ!"

ಕೈ ಸಡಿಲ ಆಯ್ತು. ಓಡಿದೆ! ರ‍್ಯಾಕುಗಳ ಸಾಲಿನ ಮಧ್ಯೆ ಇಬ್ಬರು ಹೋಗೋಷ್ಟು ಜಾಗ ಇಲ್ಲ. ಹಿಂದೆ ಬೂಟಿನ ಸದ್ದು. ಧಡ್... ಧಡ್... ತಿರುವಿನಲ್ಲಿ ಏಸಿಯವರು ನೆಲದ ಚಪ್ಪಡಿ ಒಂದನ್ನ ತೆಗೆದಿಟ್ಟಿದ್ರು. ಈ ನೆಲ ಪೊಳ್ಳು, ಕೆಳಗೆಲ್ಲ ವೈರು. ನಾನು ಹಾರಿದೆ.

ಕಂಬ ಹಾರಲಿಲ್ಲ.

ತೊಡೆ ತನಕ ಇಳಿದುಹೋದ! ಬಾಯಿಂದ ಬಂದ ಬೈಗುಳ ನಿಮಗೆ ಬೇಡ ಬಿಡಿ. ನಮ್ಮಮ್ಮನ ತನಕ ಹೋದ.

ಸುತ್ತಿಕೊಂಡು ಮತ್ತೆ ಅದೇ ರ‍್ಯಾಕಿಗೆ ಬಂದೆ. ಗಾಜಿನ ಗೋಡೆ ಆಚೆ ಮ್ಯಾನೇಜರ್, ಪಕ್ಕದಲ್ಲಿ ಸೂಟು ಹಾಕಿದ ಮಂದಿ. ಮ್ಯಾನೇಜರ್ ನಗು ಹಾಗೇ ಹೆಪ್ಪುಗಟ್ಟಿತು. ಗಾಜು ಬಡಿಯೋಕೆ ಶುರು ಮಾಡಿದ.

ಲ್ಯಾಪ್‌ಟಾಪ್ ಇಲ್ಲ. ಕಮಾಂಡ್ ಕೊಡೋ ಹಾಗಿಲ್ಲ. ಇರೋದು ಒಂದೇ ದಾರಿ. ಅಪ್‌ಲಿಂಕ್ ಸತ್ತ ಸ್ವಿಚ್ಚನ್ನೇ ಪೂರ್ತಿ ಸಾಯಿಸೋದು. ಅದು ಆರಿದ್ರೆ ಸರ್ವರ್‌ಗಳು ಆ ಕಡೆ ಬಾಗಿಲಿಗೆ ಓಡುತ್ತವೆ.

ಆದ್ರೆ ಯಾವುದನ್ನ? ಮೇಲಿನದೋ ಕೆಳಗಿನದೋ? ತಪ್ಪು ಸ್ವಿಚ್ ಕಿತ್ತರೆ ಉಳಿದ ಅರ್ಧವೂ ಮಟಾಷ್!

ಎರಡರಲ್ಲೂ ಸಾಲುಸಾಲು ಹಸಿರು ದೀಪ, ಪೋರ್ಟಿಗೊಂದು. ಅಪ್‌ಲಿಂಕ್ ದೀಪ ಇರೋ ಜಾಗದಲ್ಲಿ ಮಾತ್ರ... ಕರಿ ಟೇಪು!

ಅಂಟಿಸಿದ್ದಾರೆ ಸಾರ್! ಒಂದಕ್ಕೇ ಆದ್ರೆ ಅನುಮಾನ ಬರುತ್ತೆ ಅಂತ ಎರಡಕ್ಕೂ! ಕೆಂಪು ದೀಪ ಕೊಳ್ಳೋಕೆ ಬಂದ ನೆಂಟರಿಗೆ ಕಾಣಬಾರದು ಅಂತ! ಪೋರ್ಟು ಮುಚ್ಚೋ ಏರ್ಪಾಡು ಆಫ್ ಮಾಡಿದ್ದೂ ಅದಕ್ಕೇ. ಸಾಲುಸಾಲು ದೀಪ ಆರಿದ್ರೆ ಶೋ ಕೆಡುತ್ತಲ್ಲ! ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ...

ಮೇಲಿನ ಟೇಪು ಉಗುರಿನಿಂದ ಕೆರೆದೆ. ಹಸಿರು.

ಕೆಳಗಿಂದು ಕೆರೆದೆ.

ಕೆಂಪು.

"ಸಿಕ್ಕೆ ನನ್ಮಗನೇ!"

ಅದಕ್ಕೆ ಎರಡು ಕರೆಂಟ್ ವೈರು. ಒಂದು ಹೋದ್ರೆ ಇನ್ನೊಂದು ಇರಲಿ ಅಂತ. ಮಂಡಿಯೂರಿ ಎರಡೂ ಕೈಯಲ್ಲಿ ಎರಡೂ ಹಿಡಿದೆ. ಬಿಗಿ! ಬರ್ತಿಲ್ಲ!

ಅಷ್ಟರಲ್ಲಿ ಹಿಂದಿಂದ ನನ್ನ ಕಾಲು ಯಾರೋ ಹಿಡಿದರು. ಕಂಬ! ಕುಂಟ್ಕೊಂಡೇ ಬಂದಿದ್ದ.

"ಬಾರೋ ಈಚೆ! ಬಿಡೋ ಅದನ್ನ!"

ನಾನು ಬಿಡಲಿಲ್ಲ. ಅವನು ಎಳೆದ.

ಏನ್ ಎಳೆದ ಅಂತೀರಿ! ನಾನೂ ಬಂದೆ, ಎರಡು ವೈರೂ ಬಂದವು!

ಸ್ವಿಚ್ಚಿನ ದೀಪ ಎಲ್ಲ ಒಟ್ಟಿಗೆ ಆರಿದವು. ಗಾಜಿನ ಆಚೆ ಸೂಟಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಇಯರ್‌ಫೋನನ್ನ ಕಿವಿಗೆ ಒತ್ತಿ ಹಿಡಿದೆ.

"ಅಕ್ಕಾ?"

"..."

"ಅಕ್ಕಾ! ಒತ್ತೇ!"

"ಹೋಯ್ತು! ಹೋಯ್ತು ಕಣೋ! ಗಾಡಿಯವರು ಆರ್ಡರ್ ತಗೊಂಡ್ರು, ಹೊರಟ್ರು... ಎಲ್ಲಾ ಹೋಗ್ತಿದಾವೆ!"

ನೆಲದ ಮೇಲೇ ಬಿದ್ದುಕೊಂಡೆ. ಕಂಬ ನನ್ನ ಎದೆ ಮೇಲೆ ಮಂಡಿ ಇಟ್ಟು ಕೂತ. ಪರವಾಗಿಲ್ಲ, ಕೂತ್ಕೋ ಮಾರಾಯ, ನಿನಗೂ ಸುಸ್ತಾಗಿದೆ.

ಲೈನ್ ಕಟ್ ಮಾಡಲಿಲ್ಲ. ಕಾದೆ. ಅಕ್ಕ ಬೇರೆಯವರಿಗೆ ಗಾಡಿ ಕಳಿಸೋದು ಕೇಳಿಸ್ತಿತ್ತು. ಆಮೇಲೆ ಅವಳ ದನಿ ಇಳೀತು.

"ಗಾಡಿ ಆ ಮನೆ ಮುಟ್ಟಿತು ಕಣೋ."

"ಮತ್ತೆ?"

"ಆಯಮ್ಮ ಹೊಸ್ತಿಲ ಮೇಲೆ ಕೂತಿದ್ರಂತೆ. ನಿಧಾನವಾಗಿ ಬನ್ನಿ ಮಕ್ಕಳೇ, ಇನ್ನೇನೂ ಅವಸರ ಇಲ್ಲ... ಅಂದ್ರಂತೆ."

ಅವಳ ಮೂಗು ಸೊರ್ ಅಂದಿದ್ದು ಕೇಳಿಸಿತು. ಆಮೇಲೆ, "ಹಲೋ, ಆಂಬುಲೆನ್ಸ್... ಹೇಳಿ" ಅಂತ ಇನ್ನೊಬ್ಬರ ಹತ್ತಿರ ಮಾತಿಗೆ ಹತ್ತಿದಳು.

ಬಾಗಿಲು ಧಡಾರ್ ಅಂತ ತೆರೀತು. ಮ್ಯಾನೇಜರ್! ಟೈ ಹೆಗಲ ಮೇಲೆ, ಮುಖ ಬೀಟ್‌ರೂಟು.

"ಹೊರಟುಹೋದ್ರು! ಅಷ್ಟೂ ಜನ ಎದ್ದು ಹೊರಟುಹೋದ್ರು! ಅವರ ಮುಂದೆ ನನ್ನ ಮಾನ ಮರ್ಯಾದೆ ಎಲ್ಲಾ ಹೋಯ್ತಲ್ಲೋ!"

ಕಂಬನ ಮಂಡಿ ಕೆಳಗಿಂದಲೇ ಫೋನ್ ಎತ್ತಿ ಹಿಡಿದೆ.

"ಆಂಬುಲೆನ್ಸಿಗೆ ಹೇಳಿ ಸಾರ್... ಈಗ ಬರುತ್ತೆ."