ಸತ್ತ ರಾಜನಿಗೊಂದು ಒನ್ಸ್ ಮೋರ್

“ನಿಲ್ಸ್ರೀ ಆಟ!”

ಆ ಕೂಗಿನ ಬೆನ್ನಿಗೇ ಪರದೆ ಹರಿಯಿತು.

ನ್ಯಾಮತಿಯ ಸಂತೆ ಮೈದಾನದಲ್ಲಿ ಆಗಷ್ಟೇ ದೀಪ ಹೊತ್ತಿತ್ತು. ತೊಗಲುಗೊಂಬೆಯಾಟದ ಬಿಳಿ ಪರದೆಯ ಮೇಲೆ ಕಿರೀಟ ತೊಟ್ಟ ರಾಜನೊಬ್ಬ ಎದೆಗೆ ಬಾಣ ನಾಟಿಸಿಕೊಂಡು ಸತ್ತುಬಿದ್ದಿದ್ದ. ಸತ್ತವನು ಮರುಕ್ಷಣವೇ ಎದ್ದು ಕುಳಿತು ಜನರತ್ತ ಕಿವಿ ತಿರುಗಿಸಿ, “ಒನ್ಸ್ ಮೋರ್ ಅಂದ್ರಾ? ಯಾರೋ ಅಂದಂಗಾತು!” ಎಂದಿದ್ದ.

ಯಾರೂ ಅಂದಿರಲಿಲ್ಲ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಈಗ ಪರದೆಯ ನಡುವೆ ಮೊಳದುದ್ದದ ಸೀಳು. ಆ ಸೀಳಿನಲ್ಲಿ ಒಬ್ಬ ಗಂಡಸಿನ ಮುಖ, ಕೋಪದಿಂದ ಕಪ್ಪಿಟ್ಟಿದ್ದ ಮುಖ.

ಪರದೆಯ ಹಿಂದೆ ಮಂಡಿಯೂರಿ ಗೊಂಬೆ ಹಿಡಿದಿದ್ದ ಸಾವಂತ್ರಿ ಬೆಚ್ಚಿ ತಲೆಯೆತ್ತಿದಳು. ಆ ಮುಖ ಅವಳಿಗೆ ಗೊತ್ತು. ಅವಳ ಕೈಯಲ್ಲಿದ್ದ ಗೊಂಬೆಯ ಮುಖವೂ ಅದೇ!

‘ಅಯ್ಯೋ… ಇವರೇ ಬಂದುಬಿಟ್ಟರಲ್ಲ…’

“ಯಾರು ಈ ಗೊಂಬೆ ಮಾಡಿದ್ದು?”

“ನಾನು.”

“ನೀನಾ? ಬದುಕಿರೋ ಮನುಷ್ಯನ್ನ ಹಿಂಗೆ ಬೀದೀಲಿ ಕುಣಿಸಾಕೆ ನಿನಗ್ಯಾರು ಹೇಳಿದ್ರು?”

ಸಾವಂತ್ರಿ ಎದ್ದು ನಿಂತಳು. ಭಯ ಇಳಿದಲ್ಲಿ ಸಿಟ್ಟು ಏರಿತ್ತು.

“ಪರದೆ ಹರಿಯಾಕೆ ನಿಮಗ್ಯಾರು ಹೇಳಿದ್ರು? ಪೂಜೆ ಮಾಡಿ ಕಟ್ಟಿದ ಪರದೆ ರೀ ಇದು! ನಿಮ್ಮ ನಾಟಕ ಕಂಪನೀಲಿ ಪರದೇನ ಹಿಂಗೇ ಹರೀತಿದ್ರಾ?”

ಆ ಮಾತು ಅವನಿಗೆ ತಾಗಿತು. ಪರದೆಗೆ ಕೈಮುಗಿಯದೆ ಎಂದೂ ರಂಗಕ್ಕೆ ಕಾಲಿಟ್ಟವನಲ್ಲ ಅವನು.

ಅವನು ತಿಪ್ಪೇಶಪ್ಪ. ಕಂಪನಿ ನಾಟಕಗಳು ನಡೆಯುತ್ತಿದ್ದ ಎಪ್ಪತ್ತರ ದಶಕದಲ್ಲಿ ಚನ್ನಗಿರಿಯಿಂದ ಹೊನ್ನಾಳಿಯವರೆಗೆ ಅವನ ರಾಜಪಾತ್ರ ನೋಡಲು ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಬಾಣ ತಿಂದು ಅವನು ಸತ್ತರೆ ಸಭೆಯೆಲ್ಲ ‘ಒನ್ಸ್ ಮೋರ್’ ಎಂದು ಕೂಗುತ್ತಿತ್ತು. ಸಭೆ ಕೂಗಿದ ಮೇಲೆ ಸತ್ತವನು ಎದ್ದು ಬಂದು ಇನ್ನೊಮ್ಮೆ ಸಾಯಲೇಬೇಕು. ಅದು ಆ ರಂಗದ ಶಾಸ್ತ್ರ.

ಆಮೇಲೆ ಟೆಂಟು ಸಿನಿಮಾ ಬಂತು, ಕಂಪನಿ ಮುಚ್ಚಿತು. ಸಿನಿಮಾದಲ್ಲೊಂದು ಪಾತ್ರ ಸಿಕ್ಕಿತು. ಚಿತ್ರ ತೆರೆ ಕಂಡಾಗ ಅವನಿದ್ದ ದೃಶ್ಯವೇ ಇರಲಿಲ್ಲ. ಈಗ ಎಂಬತ್ತನಾಲ್ಕರ ಬೇಸಿಗೆಯಲ್ಲಿ, ಅದೇ ಟೆಂಟು ಸಿನಿಮಾಕ್ಕೆ ಜಟಕಾದಲ್ಲಿ ಕೂತು ಮೈಕು ಹಿಡಿದು, ‘ಇಂದೇ ಕೊನೆಯ ದಿನ’ ಎಂದು ಸಾರುವುದು ಅವನ ಉದ್ಯೋಗ.

ಹಾರ್ಮೋನಿಯಂ ಬದಿಗಿಟ್ಟು ಸಾವಂತ್ರಿಯ ತಂದೆ ಗಾದ್ರಪ್ಪ ಕೈಜೋಡಿಸಿದ. “ಯಪ್ಪಾ, ಆಟ ಅಲ್ವಾ ಇದು? ನಗ್ತಾರೆ, ಹೋಗ್ತಾರೆ. ನಿಮ್ಮ ಹೆಸರು ಎತ್ತಿಲ್ಲ ನಾವು.”

“ಹೆಸರು ಯಾಕೆ ಬೇಕು? ಮೂಗು ಇಲ್ವಾ, ಮೀಸೆ ಇಲ್ವಾ! ದಾರೀಲಿ ಸಿಕ್ಕೋರೆಲ್ಲ ‘ಒನ್ಸ್ ಮೋರ್ ಅಂದ್ರಾ’ ಅಂತಾರೆ ನನಗೆ!”

“ಶುಕ್ರವಾರ ಒಂದು ಕಳೀಲಿ ಸ್ವಾಮಿ. ಬಿಳಿಚೋಡಿಗೆ ಟೀವಿಯೋರು ಬರ್ತಾರೆ, ನಮ್ಮ ಆಟ ಹಿಡ್ಕಂಡು ಹೋಗಾಕೆ. ಈ ರಾಜನೇ ಬೇಕಂತೆ ಅವರಿಗೆ…”

ಹೇಳಬಾರದ್ದನ್ನು ಹೇಳಿದೆನೆಂದು ಗಾದ್ರಪ್ಪನಿಗೆ ಹೊಳೆಯುವಷ್ಟರಲ್ಲಿ ತಡವಾಗಿತ್ತು.

“ಟೀವಿ?” ತಿಪ್ಪೇಶಪ್ಪನ ದನಿ ಇದ್ದಕ್ಕಿದ್ದಂತೆ ತಗ್ಗಿತು. ಅದು ಕೂಗಿಗಿಂತ ಭಯಂಕರವಾಗಿತ್ತು. “ಅಂದ್ರೆ ಇಡೀ ನಾಡು ನಗ್ಬೇಕು… ಸುಡ್ರಿ ಆ ಗೊಂಬೇನ!”

“ಮೊದ್ಲು ಪರದೆ ಹೊಲಿದುಕೊಡ್ರಿ,” ಎಂದಳು ಸಾವಂತ್ರಿ. “ಆಮೇಲೆ ಸುಡೋ ಮಾತು.”

---

ಮರುದಿನ ಬೆಳಗ್ಗೆ ಅವನು ನಿಜವಾಗಿಯೂ ಬಂದ. ಜೇಬಿನಲ್ಲಿ ಸೂಜಿಯಿತ್ತು, ದಾರವಿತ್ತು. ಮುಖದಲ್ಲಿ ನಿನ್ನೆಯ ಕೋಪ ಹಾಗೇ ಇತ್ತು.

ಊರ ಹೊರಗಿನ ಹುಣಸೆಮರದ ಕೆಳಗೆ ಅವರ ಬಿಡಾರ. ಮಾತಿಲ್ಲದೆ ಪರದೆಯನ್ನು ತೊಡೆಯ ಮೇಲೆ ಹರವಿಕೊಂಡು ಅವನು ಹೊಲಿಯತೊಡಗಿದ. ಎಷ್ಟು ನವುರಾದ ಹೊಲಿಗೆ! ಇರುವೆಗಳ ಸಾಲೊಂದು ಬಿಳಿಯ ಬಯಲನ್ನು ಅವಸರವಿಲ್ಲದೆ ದಾಟುತ್ತಿರುವಂತೆ.

ಸಾವಂತ್ರಿಯ ಸೋದರತ್ತೆ ಕೊಲ್ಲಾಪುರಮ್ಮ ಎಲೆಯಡಿಕೆ ಉಗಿದು ನಕ್ಕಳು. “ನೋಡ್ರವ್ವಾ, ಮಹಾರಾಜರು ಸೂಜಿ ಹಿಡಿದವ್ರೆ!”

“ಆ ಮಹಾರಾಜನಿಗೆ ದರ್ಜಿ ಇರ್ಲಿಲ್ಲ ಅಜ್ಜೀ. ಹರಿದದ್ದು ಅವನೇ ಹೊಲ್ಕೋಬೇಕಿತ್ತು.”

ಆ ಮಾತಿನಲ್ಲಿ ಸ್ವಲ್ಪ ನಗುವಿತ್ತು. ಸಾವಂತ್ರಿಗೆ ಅದು ಹಿತವಾಯಿತು. ಹಿತವಾದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

“ಜಟಕಾದಾಗೆ ಕೂತು ಒದರ್ತೀರಲ್ಲ… ಆ ದನಿ ಯಾರ್ದು ರೀ?” ಎಂದು ಕೆಣಕಿದಳು.

“ಹೊಟ್ಟೇದು.”

“ನಮ್ಮ ಆಟನೂ ಹೊಟ್ಟೇದೇ.”

“ನನ್ನ ಹೊಟ್ಟೆಗೆ ನಾನು ಇನ್ನೊಬ್ಬರ ಮಾನ ಮಾರಲ್ಲ.”

“ಇಲ್ಲ. ನಿಮ್ಮದೇ ಮಾರ್ತೀರಿ!”

ಸೂಜಿ ಬೆರಳಿಗೆ ಚುಚ್ಚಿತು. ಅವನು ತಲೆಯೆತ್ತಲಿಲ್ಲ. ಕೊನೆಯ ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿದು, ಹೊಲಿಗೆ ಸರಿಯಾಗಿದೆಯೇ ಎಂದು ಪರದೆಯನ್ನು ಬೆಳಕಿಗೆ ಎತ್ತಿ ಹಿಡಿದ. ಅದರಾಚೆಗೆ, ಗಾಳಿಯಾಡಲೆಂದು ಗೊಂಬೆಗಳನ್ನು ಹಗ್ಗಕ್ಕೆ ತೂಗುಹಾಕಿದ್ದರು. ಎಳೆಬಿಸಿಲು ಅವುಗಳ ಮೈಯೊಳಗಿಂದ ಹಾದುಬರುತ್ತಿತ್ತು.

ಪರದೆ ಇಳಿಸಿ ಅವನು ಹತ್ತಿರ ಹೋದ.

ಹಾಸ್ಯದ ಗೊಂಬೆಗಳೆಲ್ಲ ದಪ್ಪ ಆಡಿನ ತೊಗಲಿನವು. ಲೊಡಲೊಡ ಅಲ್ಲಾಡುವ ಕತ್ತಿನವು. ಅವನ ಮುಖದ ರಾಜ ಮಾತ್ರ ಬೇರೆ. ಜೇನಿನ ಹನಿಯಂತೆ ಬೆಳಕನ್ನು ಒಳಗೆ ಹಿಡಿದಿಟ್ಟುಕೊಂಡ ತೊಗಲು. ಕತ್ತು ನೆಟ್ಟಗೆ, ಅಲ್ಲಾಡದಂತೆ.

“ಜಿಂಕೆ ತೊಗಲಪ್ಪಾ ಅದು,” ಎಂದಳು ಕೊಲ್ಲಾಪುರಮ್ಮ. “ಇವಳ ಅಜ್ಜ ರಾಮದೇವ್ರ ಗೊಂಬೆಗೆ ಅಂತ ಎತ್ತಿಟ್ಟಿದ್ದು. ನಮ್ಮನೇಲಿ ಅದು ದೇವರಿಗೇ ಮೀಸಲು. ಈ ಹುಡುಗಿ ಕೇಳ್ಬೇಕಲ್ಲ!”

“ಅತ್ತೆಮ್ಮಾ, ಸುಮ್ಕಿರು!”

ಆದರೆ ಅವನ ಕಣ್ಣು ಗೊಂಬೆಯ ಎಡಹೆಗಲಿಗೆ ಅಂಟಿಬಿಟ್ಟಿತ್ತು. ಶಲ್ಯದ ಜರಿಯ ನಡುವೆ, ಸಣ್ಣ ಸಣ್ಣ ತೂತುಗಳಲ್ಲಿ ಮೂಡಿಸಿದ ಒಂದು ಚೌಕ. ಒಂದು ತೇಪೆ!

“ಇದು… ನನ್ನ ಶಲ್ಯಕ್ಕೆ ನಾನೇ ಹಾಕಿದ ತೇಪೆ. ಮುಂದಿನ ಸಾಲಿನೋರಿಗೂ ಕಾಣ್ತಿರ್ಲಿಲ್ಲ. ನಿನಗೆ ಹೆಂಗೆ ಗೊತ್ತು?”

ಸಾವಂತ್ರಿ ತುಟಿ ಕಚ್ಚಿಕೊಂಡಳು. ಹೇಳಬಾರದು ಅಂದುಕೊಂಡಳು. ಆದರೆ ವರ್ಷಗಟ್ಟಲೆ ಕಟ್ಟಿದ್ದ ಮಾತು, ಕೋಪದ ವೇಷದಲ್ಲೇ ಹೊರಬಿತ್ತು.

“ಚನ್ನಗಿರೀಲಿ ನಿಮ್ಮ ಕಂಪನಿ ಇದ್ದಾಗ ನಮ್ಮ ಬಿಡಾರ ಅದರ ಹಿಂದೇನೇ ಇತ್ತು. ತಗಡಿನ ಗೋಡೇಲಿ ಒಂದು ಸಂದಿ. ದಿನಾ ಅಲ್ಲಿಂದ್ಲೇ ನೋಡ್ತಿದ್ದೆ. ಜನ ಮುಂದಿಂದ ನೋಡಿದ್ರು, ನಾನು ಪಕ್ಕದಿಂದ ನೋಡಿದೆ. ಸತ್ತು ಬಿದ್ದಾಗ ನಿಮ್ಮ ಎದೆ ಏರಿಳಿಯೋದೂ ನೋಡಿದೆ… ಒಂದಿನ ಕಂಪನಿ ಹೋತು. ನೀವೂ ಹೋದ್ರಿ. ನೋಡ್ಬೇಕು ಅನಿಸ್ತು, ಮಾಡ್ಕಂಡೆ. ನಗಸಾಕಲ್ಲ!”

“ಮತ್ತೆ ಈ ನಗು?”

“ಹೊನ್ನಾಳೀಲಿ ಆದದ್ದು. ನಿಮ್ಮಂಗೇ ಗಂಭೀರವಾಗಿ ಸತ್ತಿದ್ದ ರಾಜ. ಬಾಣದ ದಾರ ಕೋಲಿಗೆ ಸಿಕ್ಕೊಂತು, ಎಳೆದೆ, ಗೊಂಬೆ ಟಣ್ಣಂತ ಎದ್ದು ಕೂತ್ಬಿಡ್ತು! ಜನ ನಕ್ರು. ಅಪ್ಪ ಬಾಯಿಗೆ ಬಂದಂಗೆ ‘ಒನ್ಸ್ ಮೋರ್ ಅಂದ್ರಾ’ ಅಂದ. ಆವತ್ತು ನಮಗೆ ಮೊರದ ತುಂಬ ಜೋಳ ಹಾಕಿದ್ರು. ಆಮೇಲೆ ಯಾವ ಊರಿಗೋದ್ರೂ ಅದನ್ನೇ ಕೇಳ್ತಾರೆ… ದಿನಾ ನಿಮ್ಮನ್ನ ಸಾಯಿಸ್ತೀನಿ, ದಿನಾ ಎಬ್ಬಿಸ್ತೀನಿ. ಎರಡರಾಗೆ ಯಾವುದು ಹೆಚ್ಚಿನ ಪಾಪ ಅಂತ ನನಗೂ ಗೊತ್ತಿಲ್ಲ ರೀ!”

ಅವನ ಮುಖ ಒಂದು ಕ್ಷಣ ಬೆಂದ ಮಣ್ಣಿನಂತೆ ಬಿರುಕುಬಿಟ್ಟಿತು. ಮರುಕ್ಷಣ ಮತ್ತೆ ಗಟ್ಟಿಯಾಯಿತು.

‘ಪ್ರೀತಿಯಲ್ಲ ಇದು… ಕನಿಕರ! ಬಿದ್ದವನ ಮೇಲೆ ಹೊದಿಸುವ ಕನಿಕರ!’

“ನಿನ್ನ ಕನಿಕರ ನಿನ್ನ ಪೆಟ್ಟಿಗೇಲೇ ಇಟ್ಕೋ. ಶುಕ್ರವಾರ ಆ ಗೊಂಬೆ ಎದ್ದು ಕೂತ್ರೆ ತಿಪ್ಪೇಶಪ್ಪ ಈ ಸೀಮೇಲಿ ಇರಲ್ಲ. ಎಲ್ಲಾದ್ರೂ ಹೆಸರು ಗೊತ್ತಿಲ್ಲದ ಊರಿಗೆ ಹೋಗ್ತೀನಿ.”

ಹೊಲಿದ ಪರದೆಯನ್ನು ಮಡಿಸಿ, ಕಣ್ಣಿಗೊತ್ತಿಕೊಂಡು, ಅವಳ ಮುಂದಿಟ್ಟು ಅವನು ಹೊರಟುಹೋದ.

ಗಾದ್ರಪ್ಪ ಮೆಲ್ಲಗೆ ಅಂದ: “ಎಬ್ಬಿಸದಿದ್ರೆ ಟೀವಿಯೋರು ಎದ್ದು ಹೋಗ್ತಾರವ್ವಾ. ನಮ್ಮ ಗೊಂಬೆ ಪೆಟ್ಟಿಗೆ ಇನ್ನೊಂದ್ಸಲ ತೆಗೆಸೋರು ಯಾರು?”

ಸಾವಂತ್ರಿ ರಾಜನ ಗೊಂಬೆಯನ್ನು ಹಗ್ಗದಿಂದ ಬಿಡಿಸಿ ಪೆಟ್ಟಿಗೆಯಲ್ಲಿಟ್ಟಳು.

---

ಶುಕ್ರವಾರ ಬಿಳಿಚೋಡಿನ ಶೇಂಗಾ ಗೋದಾಮಿನಲ್ಲಿ ಹಾಡಹಗಲೇ ಕತ್ತಲೆ ಮಾಡಬೇಕಿತ್ತು. ಕುರಿ ಕಾಯುವವರು ತಮ್ಮ ಕರಿಯ ಕಂಬಳಿಗಳನ್ನು ತಂದು ಕಿಟಕಿ ಬಾಗಿಲಿಗೆಲ್ಲ ಕಟ್ಟಿದರು. ಒಳಗೆ ಉಣ್ಣೆಯ ವಾಸನೆ, ಸೆಕೆ, ಕಿಕ್ಕಿರಿದ ಜನ.

“ರಾಜ ಎದ್ದು ಕೂರ್ತಾನಲ್ಲ, ಅದೇ ಮುಖ್ಯ. ಚೆನ್ನಾಗಿ ಬರಬೇಕು,” ಎಂದು ಟೀವಿ ಅಧಿಕಾರಿ ಕ್ಯಾಮೆರಾದ ಪಕ್ಕದಿಂದ ಹೇಳಿದರು.

ಆಟ ಸಾಗಿತು. ಬಾಣ ಬಂತು. ರಾಜ ಬಿದ್ದ. ಆಗಲೇ ಜನ ನಗಲು ಸಿದ್ಧರಾಗಿ ಮುಂದಕ್ಕೆ ಬಾಗಿದ್ದರು.

ರಾಜ ಏಳಲಿಲ್ಲ.

“ಎಬ್ಬಿಸವ್ವಾ!” ಗಾದ್ರಪ್ಪ ಪಿಸುಗುಟ್ಟಿದ.

“ಎಬ್ಬಿಸಲ್ಲ ಅಪ್ಪಾ.”

“ನಾಡೆಲ್ಲ ನೋಡ್ತೈತೆ ಕಣೇ!”

“ಅದಕ್ಕೇ ಎಬ್ಬಿಸಲ್ಲ!”

ಅವಳ ಕಣ್ಣೀರು ಗೊಂಬೆಯ ಕೋಲಿನ ಮೇಲೆ ಬಿತ್ತು. ‘ನೀವು ಈ ಸೀಮೇಲಿ ಇರಿ… ನಮ್ಮ ಪೆಟ್ಟಿಗೆ ಮುಚ್ಚಿದರೆ ಮುಚ್ಚಲಿ.’

“ನಿಲ್ಲಿಸಿ, ನಿಲ್ಲಿಸಿ! ಏನಾಯ್ತು?” ಅಧಿಕಾರಿ ರೇಗಿದರು. ಸಭೆಯಲ್ಲಿ ಗುಸುಗುಸು ಎದ್ದಿತು. ಯಾರೋ ಶಿಳ್ಳೆ ಹೊಡೆದರು.

ಆಗ ಬಾಗಿಲ ಕಂಬಳಿ ಸರಿಯಿತು. ಬಿಸಿಲಿನ ಪಟ್ಟಿಯೊಂದು ಒಳಗೆ ಬಿದ್ದು, ಮತ್ತೆ ಮುಚ್ಚಿಕೊಂಡಿತು. ಜನರ ನಡುವೆ ದಾರಿ ಮಾಡಿಕೊಂಡು ಬಂದ ಒಬ್ಬಾತ ಪರದೆಯ ಹಿಂದೆ ನುಗ್ಗಿ, ಸಾವಂತ್ರಿಯ ಪಕ್ಕ ಮಂಡಿಯೂರಿದ. ಆಟ ಶುರುವಾದಾಗಿನಿಂದ ಬಾಗಿಲಾಚೆ ನಿಂತು, ಆ ನಗೆಗಾಗಿ ಹಲ್ಲು ಕಚ್ಚಿ ಕಾದಿದ್ದ ತಿಪ್ಪೇಶಪ್ಪ!

“ಯಾಕೆ ಎಬ್ಬಿಸ್ಲಿಲ್ಲ?” ಅವನ ದನಿಯಲ್ಲಿ ಇನ್ನೂ ಸಿಟ್ಟೇ ಇತ್ತು. “ನಿನ್ನ ಅನ್ನ ಅದು!”

“ನಿಮ್ಮ ಮೇಲಿನ ಕನಿಕರಕ್ಕಲ್ಲ ರೀ,” ಅವಳೂ ಸಿಡುಕಿದಳು. “ನಾನು ನೋಡಿದ ರಾಜನ್ನ ನೋಡಿ ಯಾರೂ ನಗಬಾರ್ದು. ನೀವೂ ಸೈತ!”

ಅವನು ಒಂದು ಗಳಿಗೆ ಅವಳನ್ನೇ ನೋಡಿದ. ತಗಡಿನ ಸಂದಿಯಿಂದ ನೋಡಿದ್ದ ಆ ಕಣ್ಣುಗಳನ್ನು ಅವನು ಇಷ್ಟು ಹತ್ತಿರದಿಂದ ನೋಡುತ್ತಿದ್ದುದು ಇದೇ ಮೊದಲು.

“ಎತ್ತು ಗೊಂಬೇನ.”

“ನಗ್ತಾರೆ…”

“ನಗಲಿ. ಎತ್ತು. ಮೊದಲಿಂದ ಸಾಯೋಣ.”

ಪರದೆಯ ಹಿಂದೆ ತಿಪ್ಪೇಶಪ್ಪ ದನಿ ಎತ್ತಿದ. ಏನೋ ಹೇಳಹೊರಟಿದ್ದ ಅಧಿಕಾರಿ ‘ಹಿಡಿ’ ಎಂದು ಕ್ಯಾಮೆರಾದವನಿಗೆ ಕೈಸನ್ನೆ ಮಾಡಿದರು. ಮೈಕಿಲ್ಲದ ದನಿ. ಜಟಕಾದ ಧೂಳು ತಾಗದ ದನಿ.

“ಮಂತ್ರೀ… ಈ ಬಾಣವನ್ನು ಕೀಳಬೇಡ. ಎದೆಗೆ ನಾಟಿದ್ದು ನಿಜ. ಆದರೆ ನನ್ನ ಉಸಿರನ್ನು ಇದುವರೆಗೆ ಒಳಗೆ ಕಟ್ಟಿಹಿಡಿದಿರುವುದೂ ಇದೇ. ನೋಡಬೇಕಾದವರು ಬರುವವರೆಗೆ… ಇರಲಿ ಬಿಡು…”

ಅವನ ಮಾತಿಗೆ ಅವಳ ಬೆರಳು, ಅವಳ ಬೆರಳಿಗೆ ಅವನ ಉಸಿರು. ಪರದೆಯ ಮೇಲೆ ರಾಜ ಒಮ್ಮೆ ಕೈಯೆತ್ತಿದ. ಕೈ ನಿಧಾನವಾಗಿ ಇಳಿಯಿತು. ಸತ್ತ ಮೇಲೂ ಎದೆ ಸ್ವಲ್ಪ ಏರಿ ಇಳಿಯಿತು. ಅದು ಅವಳೊಬ್ಬಳು ಮಾತ್ರ ಬಲ್ಲ ಗುಟ್ಟು.

ಹೊರಗೆ ಕುರಿಯೊಂದು ಕೂಗಿದ್ದು ಸ್ಪಷ್ಟವಾಗಿ ಕೇಳಿತು.

ಅಷ್ಟರಲ್ಲಿ ಮುಂದಿನ ಸಾಲಿನಿಂದ ಮುದಿ ಕುರಿಗಾಹಿಯೊಬ್ಬ ಒಡೆದ ಗಂಟಲಲ್ಲಿ ಕೂಗಿದ: “ಒನ್ಸ್ ಮೋರ್!”

“ಒನ್ಸ್ ಮೋರ್! ಒನ್ಸ್ ಮೋರ್!” ಗೋದಾಮೆಲ್ಲ ಗುಡುಗಿತು.

ತಿಪ್ಪೇಶಪ್ಪನ ಕಣ್ಣು ತುಂಬಿ ಬಂತು. ಆ ಕಣ್ಣಲ್ಲೇ ಅವನು ಸಾವಂತ್ರಿಗೆ ಸನ್ನೆ ಮಾಡಿದ. ಅವಳಿಗೆ ನಂಬಿಕೆಯಾಗಲಿಲ್ಲ. ಅವನು ಮತ್ತೆ ತಲೆಯಾಡಿಸಿದ.

ರಾಜ ಟಣ್ಣನೆ ಎದ್ದು ಕುಳಿತ!

“ಒನ್ಸ್ ಮೋರ್ ಅಂದ್ರಾ? ಈ ಸಲ ನಿಜವಾಗ್ಲೂ ಅಂದ್ರಲ್ಲಪ್ಪಾ!”

ನಗೆಯ ಜೊತೆ ಚಪ್ಪಾಳೆ ಸಿಡಿಯಿತು. ಆ ನಗೆಯಲ್ಲಿ ಹಲ್ಲಿತ್ತು, ಕಚ್ಚುವಿಕೆ ಇರಲಿಲ್ಲ. ಅಧಿಕಾರಿಯೂ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು.

---

ಟೀವಿಯವರ ವ್ಯಾನು ಧೂಳೆಬ್ಬಿಸಿ ಹೋಯಿತು. ಗೋದಾಮಿನ ಜಗುಲಿಯಲ್ಲಿ ಸಾವಂತ್ರಿ ಕಂಬಳಿ ಮಡಿಸುತ್ತಿದ್ದಳು. ಇನ್ನೊಂದು ತುದಿಯನ್ನು ಕೇಳದೆಯೇ ತಿಪ್ಪೇಶಪ್ಪ ಹಿಡಿದುಕೊಂಡ.

“ಪರದೆ ಹರಿದದ್ದಕ್ಕೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ,” ಎಂದಳು.

“ನಂದೂ ಇಳಿದಿಲ್ಲ. ಮೂಗು ಸ್ವಲ್ಪ ಉದ್ದ ಮಾಡಿದೀಯ.”

“ಇರೋದೇ ಅಷ್ಟು!”

ಒಳಗಿನಿಂದ ಗಾದ್ರಪ್ಪನ ಕೆಮ್ಮು, ಕೊಲ್ಲಾಪುರಮ್ಮನ ಕಿಸಕ್ಕನೆ ನಗು.

ಕಂಬಳಿ ಮಡಿಸುತ್ತ ಮಡಿಸುತ್ತ ಇಬ್ಬರೂ ಹತ್ತಿರ ಬಂದಿದ್ದರು. ನಡುವೆ ಅಂಗೈಯಗಲದ ಉಣ್ಣೆ ಮಾತ್ರ ಉಳಿದಿತ್ತು.

“ಸಾವಂತ್ರೀ… ನಿನ್ನ ಪರದೆ ಹಿಂದೆ ನನಗೊಂದು ಜಾಗ ಐತಾ? ದನಿ ಕೊಡಾಕೆ… ಹರಿದದ್ದು ಹೊಲಿಯಾಕೆ… ನಿನ್ನ ಜೊತೆ ಬಾಳಾಕೆ?”

ಅವಳು ಕಂಬಳಿಯನ್ನು ಕಣ್ಣಿನವರೆಗೆ ಎತ್ತಿ ಮುಖ ಮರೆಮಾಡಿಕೊಂಡಳು. ಅವನ ಎದೆ ಹೊಡೆದುಕೊಳ್ಳುವುದು ಅವಳಿಗೆ ಕಾಣುತ್ತಿತ್ತು. ಪಕ್ಕದಿಂದಲ್ಲ, ಈಗ ಎದುರಿನಿಂದಲೇ.

“ಕೇಳಿಸ್ಲಿಲ್ವಾ?” ಎಂದ ಅವನು, ಹೆದರಿ.

ಕಂಬಳಿಯ ಅಂಚಿನಿಂದ ಎರಡು ಒದ್ದೆ ಕಣ್ಣುಗಳು ನಕ್ಕವು.

“ಕೇಳಿಸ್ತು,” ಎಂದಳು ಸಾವಂತ್ರಿ. “ಒನ್ಸ್ ಮೋರ್.”

ಊರೂರನ್ನೇ ತನ್ನ ದನಿಯಿಂದ ತುಂಬಿದ್ದವನು ಅದನ್ನು ಇನ್ನೊಮ್ಮೆ ಹೇಳಿದ… ಅವಳೊಬ್ಬಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ.