ಕಿಸೆಯಲ್ಲಿದ್ದ ಹಳೆಯ ಫೋನು

"ಖರೇ ಹೇಳು, ನೀನ ಬಂದ್ ಮಾಡೀಯೇನು?"

ನಾನು ಕೇಳಿದ್ದು ಆಸೆಯಿಂದ. ಶರಣು ತಿಳಿದುಕೊಂಡದ್ದು ಬೈಗುಳ ಅಂತ. ಪಾಪ, ಅಷ್ಟಕ್ಕೇ ಅವನ ಮುಖ ಇಳಿದುಹೋಯಿತು.

"ನಾ ಎದಕ್ಕ ಬಂದ್ ಮಾಡ್ಲಿ, ನೀಲಾ? ನಿಮ್ಮವ್ವನ ಫೋನ್ ಅಪ್‌ಡೇಟ್ ಆಗೈತಿ. ಕಂಪನಿಯವ್ರ ತಗದಾರ, ನೋಡಿಲ್ಲೆ."

ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಹಿಂದಿರುವ ಅವನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ನಾವಿಬ್ಬರೂ ಒಂದೇ ಪರದೆಯ ಮೇಲೆ ಬಗ್ಗಿ ನಿಂತಿದ್ದೆವು. ಅದರ ಮೇಲೆ ಹೀಗೆ ಬರೆದಿತ್ತು: 'ಈ ಆ್ಯಪ್ ಮಾಡಿದವರು ಅಪರಿಚಿತರು. ನಿಮ್ಮ ಸುರಕ್ಷತೆಗಾಗಿ ಇದನ್ನು ತೆಗೆಯಲಾಗಿದೆ.' ನಾನು ಅದನ್ನು ಓದುತ್ತಿದ್ದೆನೋ, ಅವನ ಕಿವಿಯ ಹಿಂದಿನ ಮಚ್ಚೆ ನೋಡುತ್ತಿದ್ದೆನೋ, ಈಗ ಹೇಳಲಾರೆ.

ಆ ಆ್ಯಪ್ ಹುಟ್ಟಿದ್ದೇ ನನ್ನ ಒಂದು ನೆಪದಿಂದ.

ನಮ್ಮವ್ವ ಕಳಕವ್ವ ಸೀರೆ ನೇಯುವವಳು. ಮೈತುಂಬ ಚೌಕಳಿ, ದೊಡ್ಡ ಅಂಚು. ಕೈಗೆ ಮಗ್ಗದ ಮರೆವಿಲ್ಲ, ಆದರೆ ಸಕ್ಕರೆ ಕಾಯಿಲೆ ಬಂದ ಮೇಲೆ ಕಣ್ಣು ಮಂಜಾಗಿದೆ. ಹೊಸ ಆರ್ಡರ್ ಬಂದಾಗೆಲ್ಲ ಚೌಕಳಿಯ ಲೆಕ್ಕ ಬದಲಾಗುತ್ತದೆ. ನಾನು ಪಕ್ಕದಲ್ಲಿ ಕೂತು ಕಾಗದ ನೋಡಿ ಕೂಗಬೇಕು: ಕೆಂಪು ಎಂಟು, ಹಳದಿ ನಾಕು. ಅವ್ವ ಆಯಾ ಬಣ್ಣದ ಲಾಳಿಯನ್ನು ತಡವಿ ತೆಗೆದು ಓಡಿಸುತ್ತಾಳೆ.

ಇಂಥದರಲ್ಲಿ ನರಗುಂದದಿಂದ ನನಗೊಂದು ಸಂಬಂಧ ಬಂತು. ಹುಡುಗ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು! ನಾನು ಅವನ ನಗು ಸರಿಯಿಲ್ಲ, ನಡಿಗೆ ಸರಿಯಿಲ್ಲ ಅಂದೆ. "ಒಲ್ಲದ ಗಂಡಗ ಮಸರಾಗ ಕಲ್ಲು," ಅಂದಳು ಅವ್ವ. ಅಪ್ಪ ಅಂದಾನಪ್ಪ ಅಷ್ಟರಲ್ಲಿ ಅವರಿಗೆ ಮಾತು ಕೊಟ್ಟಾಗಿತ್ತು. ಅಪ್ಪ ಕೊಟ್ಟ ಮಾತೆಂದರೆ ನಮ್ಮ ಮನೆಯಲ್ಲಿ ಮುಗಿದ ಹಾಗೆಯೇ. ನನಗೆ ಉಳಿದದ್ದು ಒಂದೇ ದಾರಿ.

"ಅವ್ವಗ ಲೆಕ್ಕ ಕೂಗಾಕ ಯಾರರ ಸಿಗೂತನಕ ನಾ ಮದಿವಿ ಆಗೂದಿಲ್ಲ," ಅಂದೆ.

ಇದನ್ನು ಶರಣೂನ ಮುಂದೆಯೂ ಬೇಕೆಂದೇ ಹೇಳಿದೆ. ಜಾಣ, ಅರ್ಥ ಮಾಡಿಕೊಳ್ಳುತ್ತಾನೆ ಅಂದುಕೊಂಡೆ. ಜಾಣನೇನೋ ಹೌದು. ಒಂದು ತಿಂಗಳಲ್ಲಿ ಲೆಕ್ಕ ಕೂಗುವ ಆ್ಯಪ್ ಮಾಡಿಕೊಂಡು ಬಂದುಬಿಟ್ಟ! ಪರದೆ ಮುಟ್ಟಿದರೆ ಸಾಕು, ಮುಂದಿನ ಬಣ್ಣ, ಮುಂದಿನ ಎಣಿಕೆ ಹೇಳುತ್ತದೆ. ಅದಕ್ಕೆ ನನ್ನದೇ ದನಿ ಬೇಕಂತೆ. ಅವ್ವನಿಗೆ ರೂಢಿ ಇರುವುದು ನನ್ನ ದನಿ.

ನನ್ನನ್ನು ಕಳಿಸಿಕೊಡುವುದಕ್ಕೆ ನನ್ನದೇ ದನಿ ಕೇಳಿಕೊಂಡು ಬಂದ ಪುಣ್ಯಾತ್ಮ.

ನಮ್ಮ ಪಡಸಾಲೆಯಲ್ಲಿ ಕೂತು ರೆಕಾರ್ಡ್ ಮಾಡಿದೆವು. ನಾನು ಹೇಳುವುದು, ಅವನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೇಳುವುದು. ಕಣ್ಣು ಮುಚ್ಚಿದ ಗಂಡಸನ್ನು ಎಷ್ಟು ಹೊತ್ತು ಬೇಕಾದರೂ ನೋಡಬಹುದು, ಯಾರೂ ಕೇಳುವುದಿಲ್ಲ.

"ಇನ್ನೊಮ್ಮೆ ಹಸಿರು ಅನ್ನು."

"ಹಸಿರು."

"ಇನ್ನೊಮ್ಮೆ."

"ಎಷ್ಟ್ ಸಲ ಅನ್ನಲಿ? ಸರಿ ಇರಲಿಲ್ಲೇನು?"

"ಫ್ಯಾನಿನ ಸಪ್ಪಳ ಬಂತು."

"ಕರೆಂಟ್ ಹೋಗಿ ತಾಸಾತು, ಶರಣು."

ಅವನು ಕಣ್ಣು ಬಿಟ್ಟು ನಿಂತ ಫ್ಯಾನ್ ನೋಡಿದ, ನನ್ನನ್ನು ನೋಡಿದ. ಕಿವಿಯವರೆಗೂ ಕೆಂಪಾದ. ಆಗ ನಾನೇ ಬಾಯಿ ಬಿಟ್ಟು ಹೇಳಬೇಕಾಗಿತ್ತು. ಹೆಣ್ಣುಮಗಳು, ಹೇಗೆ ಹೇಳಲಿ? ಅವನು ಹೇಳಲಿ ಅಂತ ನಾನು, ನರಗುಂದಕ್ಕೆ ಹೋಗುವ ಹುಡುಗಿಗೆ ಏನು ಹೇಳುವುದು ಅಂತ ಅವನು. ಕೊನೆಗೆ ಇಬ್ಬರೂ ಸೇರಿ "ಹಳದಿ" ರೆಕಾರ್ಡ್ ಮಾಡಿದೆವು.

ಆ್ಯಪ್ ಚಲೋ ನಡೆಯಿತು. ಅಪ್ಪ ಖುಷಿಯಿಂದ ನರಗುಂದಕ್ಕೆ ಹೇಳಿ ಕಳಿಸಿದ. ನಿಶ್ಚಯಕ್ಕೆ ದಿನ ಗೊತ್ತಾಗುವುದರಲ್ಲಿತ್ತು. ಅಷ್ಟರಲ್ಲಿ ಈ ಅಪ್‌ಡೇಟ್. ನನಗಂತೂ ಹಾಲು ಕುಡಿದಷ್ಟು ಸಂತೋಷವಾಯಿತು.

"ಅಪರಿಚಿತ ಅಂದ್ರ ಯಾರು? ನಮ್ಮ ಶರಣೂನ?" ಮನೆಗೆ ಬಂದು ಹೇಳಿದಾಗ ಅಪ್ಪನಿಗೆ ಸಿಟ್ಟು ಬಂತು. "ನಮ್ಮನ್ಯಾಗ ಉಂಡು ಬೆಳದ ಹುಡುಗಗ ಅಪರಿಚಿತ ಅನ್ನಾಕ ಅವ್ರು ಯಾರು?"

"ಈಗ ಎಲ್ಲಾ ಹೊಸಾ ಫೋನಿನ್ಯಾಗೂ ಹಿಂಗ ಐತ್ರಿ ಕಾಕಾ," ಅಂದ ಶರಣು. "ಕಂಪನಿಯವ್ರು ಒಪ್ಪಿದವ್ರು ಮಾಡಿದ್ದಷ್ಟ ನಡೀತೈತಿ. ನನ್ನ ಗುರುತಿನ ಕಾಗದಾ ಎಲ್ಲಾ ಕಳಿಸೇನಿ. ಖಾತ್ರಿ ಆಗಲಿಲ್ಲ ಅಂತ ಬಂತು. ಯಾಕ ಅಂತ ಕೇಳೂಣಂದ್ರ ಅಲ್ಲಿ ಮನಶ್ಯಾರ ಇಲ್ಲ, ಬರೇ ಮಶೀನ್ ಮಾತಾಡತೈತಿ."

"ಫೋನ್ ನಮ್ದಲ್ಲೇನೋ?"

"ರೊಕ್ಕಾ ಕೊಟ್ಟವ್ರು ನೀವು. ಅದರಾಗ ಏನಿರಬೇಕು ಅನ್ನೂದು ಮಾತ್ರ ಅವ್ರ ಕೈಯಾಗೈತಿ."

ನನ್ನ ಹಣೆಬರಹವೂ ಹಾಗೇ ಇದೆ ಅಂದುಕೊಂಡೆ. ಆದರೆ ಈ ಸಲ ಆ ಕಂಪನಿ ನನ್ನ ಕಡೆ ಇತ್ತು. ನರಗುಂದದವರು, "ಅಮಾಸಿ ಒಳಗ ನಿಶ್ಚಯ ಆಗಬೇಕು, ಇಲ್ಲಂದ್ರ ನಾವು ಬ್ಯಾರೆ ಕಡೆ ನೋಡ್ತೀವಿ," ಅಂದಿದ್ದರು. ಅಮಾವಾಸ್ಯೆ ಬರುವ ವಾರವೇ ಇತ್ತು. ನಾನು ಮೊದಲಿನ ಹಾಗೆ ಅವ್ವನ ಪಕ್ಕ ಕೂತು, ಎಂದೂ ಇಲ್ಲದ ಉತ್ಸಾಹದಿಂದ ಕೂಗಿದೆ: ಕೆಂಪು ಎಂಟು, ಹಳದಿ ನಾಕು!

ಕೆಟ್ಟದ್ದು ಎಲ್ಲಿ ಅಂದರೆ, ಅವ್ವನ ಮನಸ್ಸಿನಲ್ಲಿ. ಒಂದು ಸಂಜೆ ಶರಣು ಬಂದಾಗ ಅವಳು ಕಟ್ಟೆಯ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು.

"ನನ್ನ ಈ ಸುಡಗಾಡ ಕಣ್ಣಿನಿಂದ ಮಗಳ ಮದಿವಿ ಮುರದುಹೊಂಟೈತೋ, ಶರಣು. ನಾ ಸತ್ತರ ಹುಡುಗಿ ಚಲೋ ಇರ್ತಾಳ."

ನಾನು ಬಾಗಿಲಲ್ಲಿ ನಿಂತು ಕೇಳಿದೆ. ಅವ್ವಾ, ನಿನ್ನ ಕಣ್ಣಿನದಲ್ಲ ತಪ್ಪು ಅಂತ ಹೇಳಲು ಬಾಯಿ ತೆರೆದೆ. ಹಾಗಾದರೆ ಯಾರದು ಅಂದರೆ? ಮುಚ್ಚಿಕೊಂಡೆ. ಶರಣು ಚಹಾ ಬೇಡ ಅಂದು ಎದ್ದು ಹೋದ.

ಮರುದಿನ ಬಂದವನೇ ಅಂಗಿಯ ಕಿಸೆಯಿಂದ ತನ್ನ ಹಳೆಯ ಫೋನು ತೆಗೆದ. ಗಾಜು ಮೂಲೆಯಲ್ಲಿ ಒಡೆದಿತ್ತು.

"ತಗೋರಿ ಕಾಕು. ಇದರ ಬೀಗಾ ನಾ ಯಾವಾಗ್ಲೋ ತಗದೀನಿ. ಕಂಪನಿ ಮಾತು ಇದು ಕೇಳೂದಿಲ್ಲ. ಅಪ್‌ಡೇಟೂ ಬರೂದಿಲ್ಲ."

ಅವ್ವ ಮಗ್ಗದ ಮೇಲೆ ಕೂತು ಪರದೆ ಮುಟ್ಟಿದಳು. "ಕೆಂಪು ಎಂಟು," ಅಂದೆ ನಾನು, ಫೋನಿನ ಒಳಗಿನಿಂದ. ಅವ್ವ ಅದನ್ನು ಹಣೆಗೆ ಒತ್ತಿಕೊಂಡಳು. ಅಪ್ಪ ಆಗಲೇ ನರಗುಂದಕ್ಕೆ ಫೋನ್ ಹಚ್ಚಿದ್ದ.

ನಾನು ಶರಣೂನ ಹಿಂದೆ ಕಟ್ಟೆಯವರೆಗೆ ಬಂದೆ.

"ಇದು ಇಷ್ಟು ದಿನಾ ನಿನ್ನ ಕಿಸೇದಾಗ ಇತ್ತಲ್ಲ?"

"ಇತ್ತು."

"ಮತ್ತ ಯಾಕ ಕೊಡಲಿಲ್ಲ?"

ಅವನು ನೆಲ ನೋಡಿದ. "ಕೊಟ್ರ ನೀ ಹೋಗ್ತಿದ್ದಿ. ಬೈ, ನೀಲಾ. ಹೊಡಿಯಂಗಿದ್ರ ಹೊಡಿ. ದಿನಾ ತರ್ತಿದ್ದೆ, ದಿನಾ ತಿರುಗಿ ಒಯ್ತಿದ್ದೆ. ನಿನ್ನಿ ಕಾಕು ಅತ್ತದ್ದು ನೋಡಿ ನಿದ್ದಿ ಬರಲಿಲ್ಲ. ನನ್ನ ಸಲುವಾಗಿ ನಿನ್ನ ಬಾಳೇ ತಡೀಬಾರದು ಅನಿಸ್ತು."

"ಹುಚ್ಚಾ," ಅಂದೆ. ನಗಬೇಕೆಂದಿದ್ದೆ, ಅಳು ಬಂತು. "ನನಗ ನೀ ಬೇಕಾಗಿದ್ದಿ. ಆ ಅಮಾಸಿ ದಾಟಲಿ ಅಂತ ನಾ ದೇವರಿಗೆ ಕೈ ಮುಗೀತಿದ್ದೆ. ಇನ್ನು ನಾಕ ದಿನಾ ಅದನ್ನ ಕಿಸೇದಾಗ ಇಟ್ಕೊಳ್ಳಾಕ ಆಗಲಿಲ್ಲೇನು ನಿನಗ?"

ಅವನು ನನ್ನನ್ನು ನೋಡಿದ. ಇಷ್ಟು ದಿನ ಕದ್ದು ಕದ್ದು ನೋಡುತ್ತಿದ್ದವನು, ಈಗ ಕಣ್ಣು ಕೀಳಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಆ ತುತ್ತು ನಾವಿಬ್ಬರೂ ಸೇರಿ ಕೆಡವಿದ್ದೆವು.

"ತಿರುಗಿ ಇಸ್ಕೊಳ್ಳಲೇನು?" ಅಂದ. "ಕೆಟ್ಟೈತಿ ಅಂತ ಹೇಳಿ ಒಯ್ತೀನಿ. ನೀ ಹ್ಞೂಂ ಅನ್ನು ಸಾಕು."

ಹ್ಞೂಂ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಒಳಗೆ ಮಗ್ಗ ಶುರುವಾಗಿತ್ತು. ಲಾಳಿಯ ಸಪ್ಪಳದ ನಡುವೆ ಅವ್ವ ಏನೋ ಗುನುಗುತ್ತಿದ್ದಳು. ಎಷ್ಟೋ ದಿನಗಳ ಮೇಲೆ ಅವಳು ಹಾಡುವುದನ್ನು ಕೇಳಿದೆ. ನಾನು ಹ್ಞೂಂ ಅಂದಿದ್ದರೆ ಅವನು ಒಳಗೆ ಹೋಗಿ ಅವಳ ಕೈಯಿಂದ ಅದನ್ನು ತೆಗೆದುಕೊಳ್ಳಬೇಕಾಗಿತ್ತು. ಅವನ ಕಾಲೂ ಹೊಸ್ತಿಲ ಕಡೆ ಏಳಲಿಲ್ಲ, ನನ್ನ ಬಾಯಿಯೂ ಏಳಲಿಲ್ಲ.

"ನೀಲಾ," ಮಗ್ಗ ನಿಲ್ಲಿಸದೆಯೇ ಅವ್ವ ಕೂಗಿದಳು, "ಶರಣೂಗ ಚಾ ಕೊಟ್ಟೀಯಿಲ್ಲೋ? ಭಾಳ ದೊಡ್ಡ ಉಪಕಾರ ಮಾಡ್ಯಾನವ್ವಾ ಹುಡುಗ!"

"ಕೊಡ್ತೀನವ್ವಾ," ಅಂದೆ.

ಶರಣು ಕಟ್ಟೆಯ ಮೇಲೆ ಕೂತ. ನಾನು ಒಳಗೆ ಹೋಗಿ ಒಲೆ ಹಚ್ಚಿ, ಅವನಿಗೆ ಸೇರುವ ಹಾಗೆ ಸಕ್ಕರೆ ಜಾಸ್ತಿ ಹಾಕಿದೆ.