ಅರೀಕಾದಿಂದ ಆರು ಗಂಟೆಯ ಆಕಾಶ

“ಮೂರು ಸಾವಿರದ ಎಂಟುನೂರು ಕಿಲೋಮೀಟರ್! ದೇಶದ ಆ ತುದಿಯಿಂದ ಈ ತುದಿಗೆ! ಈ ಹಾಳು ಚಳಿಗೆ ಯಾವ ಗಂಡಸು ಬರ್ತಾನೆ, ಡಾನಿತ್ಸಾ?”

ವಿಮಾನ ನಿಲ್ದಾಣದತ್ತ ಹೊರಟ ಕಾರಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ಅತ್ತೆ ಸ್ಲಾವ್ಕಾ ಕೆಣಕಿದರು.

“ಬರ್ತಾನೆ, ಅತ್ತೆ.”

ಡಾನಿತ್ಸಾಳ ಗಂಡ ಏಡಿ ಹಿಡಿಯಲು ಹೋದ ದೋಣಿ ಮರಳಿ ಬಂದಿರಲಿಲ್ಲ. ದೇಶದ ದಕ್ಷಿಣದ ತುದಿಯ ಅವಳ ಊರು ಪುಂತಾ ಅರೇನಾಸ್ ಅವಳಿಗೆ ಕಪ್ಪು ಬಟ್ಟೆ ತೊಡಿಸಿ ಮರೆತುಬಿಟ್ಟಿತ್ತು.

ಕಳೆದ ವರ್ಷ ರಾಜಧಾನಿ ಸಾಂತಿಯಾಗೋದ ವಿಮಾನ ನಿಲ್ದಾಣದಲ್ಲಿ ಮಂಜು ಕವಿದು ವಿಮಾನಗಳೆಲ್ಲ ನಿಂತಿದ್ದವು. ಪಕ್ಕದ ಕುರ್ಚಿಯಲ್ಲಿದ್ದ ಎಲೋಯ್ ಎಂಬ ಅಪರಿಚಿತ ಆಲಿವ್ ಕಾಯಿಯ ಡಬ್ಬಿ ಚಾಚಿದ್ದ.

“ಉತ್ತರದ ತುದಿ ಅರೀಕಾದ್ದು. ನಮ್ಮದೇ ತೋಟ. ತಿನ್ನಿ, ಅಳೋರಿಗೆ ಉಪ್ಪು ಬೇಕು.”

“ನಾನು ಅಳ್ತಿಲ್ಲ!”

“ಹಾಗಾದ್ರೆ ಎರಡು ತಿನ್ನಿ.”

ಅಂದಿನಿಂದ ದಿನವೂ ಫೋನು. ಚಳಿಗಾಲದಲ್ಲಿ ಇವಳ ಊರಿನ ಗಡಿಯಾರ ಉತ್ತರದವರದಕ್ಕಿಂತ ಒಂದು ಗಂಟೆ ಮುಂದೆ. ಅವನು ಒಂಬತ್ತು ಎಂದರೆ ಇವಳಿಗೆ ಹತ್ತು. ಇವತ್ತು ಅವನು ನಾಲ್ಕಕ್ಕೆ ಇಳಿಯುತ್ತೇನೆ ಎಂದಿದ್ದ. ಇವಳು ಐದಕ್ಕೆ ನಿಲ್ದಾಣ ತಲುಪಿದಳು.

ಬಂದಿಳಿಯುವವರ ಬಾಗಿಲಲ್ಲಿ ಯಾರೂ ಇರಲಿಲ್ಲ. ವಿಮಾನ ಇಳಿದು ಒಂದು ಗಂಟೆಯಾಗಿತ್ತು!

ಅಯ್ಯೋ... ಟಿಕೆಟ್ಟಿನಲ್ಲಿ ಇಳಿಯುವ ಊರಿನ ಸಮಯವೇ ಇರುತ್ತದಲ್ಲ! ನಾನೇಕೆ ಒಂದು ಗಂಟೆ ಸೇರಿಸಿದೆ?

ಅವಸರದಲ್ಲಿ ಫೋನು ಅಡುಗೆಮನೆಯಲ್ಲೇ ಉಳಿದಿತ್ತು.

“ನಾನು ಹೇಳಲಿಲ್ವಾ? ಬರಲ್ಲ ಅಂತ!” ಎಂದರು ಸ್ಲಾವ್ಕಾ.

ಅಷ್ಟರಲ್ಲಿ ಡಾನಿತ್ಸಾಳ ಕಣ್ಣು ಹೊರಡುವವರ ಕಡೆ ಹೊರಳಿತು. ಅದೇ ವಿಮಾನ ಸಾಂತಿಯಾಗೋಗೆ ಮರಳಲಿತ್ತು. ತಪಾಸಣೆಯ ಸಾಲಿನ ಕೊನೆಯಲ್ಲಿ ಹೆಗಲಿಗೆ ಚೀಲ ಹಾಕಿ, ತಲೆ ತಗ್ಗಿಸಿ ನಿಂತವನು... ಎಲೋಯ್!

“ನಿಲ್ಲು!”

ಅವನು ತಿರುಗಿದ. ಕಣ್ಣು ಕೆಂಪಾಗಿತ್ತು. “ಆರು ಗಂಟೆ ಆಕಾಶದಲ್ಲೇ ಕೂತು ಬಂದೆ. ಎರಡು ವಿಮಾನ ಹತ್ತಿದೆ. ಇಳಿದ್ರೆ ನೀನಿಲ್ಲ, ಫೋನೂ ಎತ್ತಲ್ಲ. ಬೇಡ ಅನ್ನೋಕೆ ಇಷ್ಟು ದೂರ ಕರೆಸಬೇಕಿತ್ತಾ?”

“ದಿನಾ ನಿನ್ನ ಗಡಿಯಾರಕ್ಕೆ ಒಂದು ಗಂಟೆ ಸೇರಿಸಿ ಅಭ್ಯಾಸ! ಇವತ್ತೂ ಸೇರಿಸಿಬಿಟ್ಟೆ. ತಪ್ಪು ನಂದೇ. ಆದ್ರೆ ನೀನು? ಒಂದು ಗಂಟೆ ಕಾಯೋಕಾಗದೆ ವಾಪಸ್ ಹೊರಟೆಯಾ? ಹೇಡಿ!”

ಸಾಲಿನಲ್ಲಿದ್ದವರೆಲ್ಲ ಇತ್ತ ನೋಡಿದರು. ಸ್ಲಾವ್ಕಾ ಅವಳ ತೋಳು ಹಿಡಿದೆಳೆದರು. “ಮೆಲ್ಲಗೆ ಮಾತಾಡೇ! ಗಂಡ ಸತ್ತವಳು ನೀನು. ಎಲ್ಲ ನೋಡ್ತಿದ್ದಾರೆ!”

“ನೋಡಲಿ! ನಿಮ್ಮ ಮಗನ್ನ ಸಮುದ್ರ ತಗೊಂಡಾಗ ಯಾರ ಹತ್ರ ಜಗಳ ಆಡಬೇಕು ಅಂತಾನೇ ಗೊತ್ತಾಗ್ಲಿಲ್ಲ, ಅತ್ತೆ. ಇವನು ಕಣ್ಣೆದುರಿಗಿದ್ದಾನೆ. ಇವನನ್ನ ಸುಮ್ಮನೆ ಬಿಡಲ್ಲ!”

ಸ್ಲಾವ್ಕಾರ ಕೈ ನಿಧಾನವಾಗಿ ಸಡಿಲವಾಯಿತು.

ಆಮೇಲೆ ಅವರು ಎಲೋಯ್ ಕಡೆ ತಿರುಗಿ, “ಏನಪ್ಪಾ, ಸಾಲು ಬಿಟ್ಟು ಬರ್ತೀಯೋ, ಇಲ್ಲ ಇವಳ ಕೂಗು ಅರೀಕಾವರೆಗೂ ಕೇಳಬೇಕೋ?” ಎಂದರು.

ಅವನು ಸಾಲಿಗೆ ಕಟ್ಟಿದ್ದ ಹಗ್ಗದ ಕೆಳಗಿಂದ ನುಸುಳಿ ಬಂದ. ಹೊರಗೆ ಗಾಳಿ ಬಾಗಿಲನ್ನು ಗುದ್ದುತ್ತಿತ್ತು.

“ನನಗೆ ಈ ಗಾಳಿ ಭಯ, ಡಾನಿತ್ಸಾ.”

“ನನಗೂ.”

“ನೀನು ಹುಟ್ಟಿದ್ದೇ ಇಲ್ಲಿ!”

“ಅದಕ್ಕೇ ಗೊತ್ತು, ಒಬ್ಬಳೇ ನಡೆಯೋಕಾಗಲ್ಲ ಅಂತ.” ಅವನ ಕೋಟಿನ ತುದಿ ಹಿಡಿದಳು. “ನನ್ನನ್ನ ಮದುವೆ ಆಗ್ತೀಯಾ?”

“ಆಗ್ತೀನಿ...”

“ಗಟ್ಟಿಯಾಗಿ ಹೇಳು.”

“ಆಗ್ತೀನಿ!”